ಯಾರ ಹೆಪ್ಪು?

ಹೆಪ್ಪು ಎಂದರೆ ಹಾಲು ಮೊಸರಾಗಲೆಂದು ಹಾಕುವ ಒಂದು ಚಮಚ ಮೊಸರು. ಇಷ್ಟೇ ಅರ್ಥ. ಆದರೆ ನಮ್ಮ ಅತ್ತೆಯ ಬಾಯಲ್ಲಿ ಆ ಮಾತು ಒಂಟಿಯಾಗಿ ಬಂದದ್ದೇ ಇಲ್ಲ. ಕಡರನಾಯಕನಹಳ್ಳಿ ಹೆಪ್ಪು, ನಮ್ಮವ್ವನ ಹೆಪ್ಪು, ಮೂಲೆ ಮನೆಯಾಕೆಯ ಹೆಪ್ಪು. ಅದಕ್ಕೊಬ್ಬ ಯಜಮಾನಿ ಇರಲೇಬೇಕು. ಸರಸ್ವತಿ ನಗರದ ಈ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಹಾಲು ಕಾಯಿಸುವವಳು ನಾನು, ಹೆಪ್ಪು ಹಾಕುವವಳು ನಾನು, ಗಡಿಗೆ ತೊಳೆಯುವವಳೂ ನಾನೇ. ಹೆಪ್ಪು ಮಾತ್ರ ಅತ್ತೆಯದು. ಅವರ ತವರಿನಿಂದ ಬಂದದ್ದಂತೆ.

ಮೊಸರು ಬಡಿಸುವ ಮೊದಲು ಒಂದು ಚಮಚ ಬಟ್ಟಲಿಗೆ ತೆಗೆದಿಡಬೇಕು, ಅದು ಮನೆಯ ಕಾನೂನು. ಹೋದ ಬೇಸಿಗೆಯಲ್ಲಿ ಲೋಕಿಕೆರೆಯಿಂದ ಎಂಟು ಜನ ನೆಂಟರು ಹೇಳದೆ ಕೇಳದೆ ಬಂದಿಳಿದರು. ರೊಟ್ಟಿ ಬಡಿಯಲೋ, ಪಲ್ಯ ನೋಡಲೋ! ಕೊನೆಗೆ ಇದ್ದಬದ್ದ ಮೊಸರನ್ನೆಲ್ಲ ಮಜ್ಜಿಗೆ ಮಾಡಿ ಕೊಟ್ಟೆ. ಒಂದು ಹನಿ ಉಳಿಸದೆ ಕುಡಿದು ಹೋದರು. ಆಮೇಲೆ ನೋಡಿದರೆ ಹೆಪ್ಪಿನ ಬಟ್ಟಲು ಖಾಲಿ. ನನ್ನ ಬುದ್ಧಿಗೆ ಮಂಕು ಬಡಿದಿತ್ತು.

ಅತ್ತೆಗೆ ಹೇಳುವ ಧೈರ್ಯ ಬರಲಿಲ್ಲ. ಹಲ್ಲಿಲ್ಲದ ಅವರಿಗೆ ಆ ಸೆಕೆಯಲ್ಲಿ ಸೇರುತ್ತಿದ್ದದ್ದೇ ಮೊಸರನ್ನ. ಅಂಗಡಿಯಿಂದ ಪ್ಯಾಕೆಟ್ ಮೊಸರು ತಂದು ಹೆಪ್ಪು ಹಾಕಿದೆ. ಮರುದಿನ ಮೊದಲ ತುತ್ತಿಗೇ ತಟ್ಟೆ ಸರಿಸಿದರು.

"ಇದು ಯಾರ ಹೆಪ್ಪು?"

"ನಿಮ್ಮದೇ ಅತ್ತೆ."

"ಹಂಗಾರೆ ನಂಗೆ ಬ್ಯಾಡ."

ಮೂರು ದಿನ ಬರೀ ಗಂಜಿ ಕುಡಿದರು. ಮುಖ ಇಷ್ಟಾಯಿತು. ಗಂಡನಿಗೆ ಹೇಳಿದರೆ, "ಮೊಸರು ಮೊಸರೇ ಅಲ್ಲೇನೆ" ಎಂದು ಪೇಪರ್ ಮಗುಚಿದರು. ಇವರಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಸಿಟ್ಟು ಬಂದಷ್ಟೇ ಹೆದರಿಕೆಯೂ ಆಗಿತ್ತು. ಎಂಬತ್ತು ದಾಟಿದ ಜೀವ ನನ್ನ ಮರೆವಿನಿಂದ ಸೊರಗುತ್ತಿತ್ತು.

ಹರಿಹರದ ನಾದಿನಿಗೆ ಮದುವೆಯಾದಾಗ ಅತ್ತೆಯ ಹೆಪ್ಪನ್ನೇ ಕೊಟ್ಟು ಕಳಿಸಿದ್ದು ನೆನಪಾಯಿತು. ಉರಿಬಿಸಿಲಲ್ಲಿ ಸ್ಟೀಲ್ ಡಬ್ಬಿ ಹಿಡಿದು ಬಸ್ ಹತ್ತಿದೆ. ವಿಷಯ ಕೇಳಿ ನಾದಿನಿ ಬಾಯಿಗೆ ಸೆರಗು ಹಿಡಿದು ನಕ್ಕಳು.

"ಅಯ್ಯೋ ಅತ್ತಿಗೆ, ಅದು ಹೋಗಿ ಹತ್ತು ವರ್ಷಾತು. ನಾನೂ ಪ್ಯಾಕೆಟ್ಟಿಂದೇ ಹಾಕೋದು. ಅವ್ವ ಬಂದಾಗ ನಿಂದೇ ಹೆಪ್ಪು ಅಂತೀನಿ, ಚಪ್ಪರಿಸ್ಕೊಂಡು ಉಣ್ತಾಳೆ."

ನನಗೆ ಮೈಯೆಲ್ಲ ಉರಿಯಿತು. ಮಗಳು ಹಾಕಿದರೆ ಅಮೃತ, ಸೊಸೆ ಹಾಕಿದರೆ ಬೇಡ! ಆದರೂ ಬರಿಗೈಲಿ ಹೋಗುವುದು ಹೇಗೆಂದು ಅದನ್ನೇ ಡಬ್ಬಿಗೆ ಹಾಕಿಸಿಕೊಂಡು ಬಂದು ಹಾಲಿಗೆ ಹಾಕಿದೆ.

ಮರುದಿನ ಅತ್ತೆ ಉಂಡರು. ಮತ್ತೊಮ್ಮೆ ಹಾಕಿಸಿಕೊಂಡರು.

"ಹರಿಹರದಿಂದ ತಂದೆ. ನಿಮ್ಮದೇ ಹೆಪ್ಪು" ಎಂದೆ, ಹಲ್ಲು ಕಚ್ಚಿಕೊಂಡು.

"ಆಕೀದೂ ಪ್ಯಾಕೆಟ್ಟಿಂದೇ. ನಂಗೊತ್ತಿಲ್ಲೇನು? ಗಂಡನ ಮನ್ಯಾಗ ಆಕಿ ಮರ್ಯಾದಿ ಯಾಕ ಕಳೀಲಿ ಅಂತ ಉಣ್ತಿದ್ದೆ."

"ಮತ್ತೆ ಮೂರು ದಿನ ನನ್ನ ಯಾಕ ಸತಾಯಿಸಿದ್ರಿ?" ನನ್ನ ದನಿ ಬೀದಿಗೆ ಕೇಳುವಷ್ಟು ಏರಿತ್ತು.

"ಹೆಪ್ಪು ಹೋತು ಅತ್ತೆ ಅಂತ ಒಂದ್ ಮಾತು ಹೇಳಿದ್ರೆ ಆಗಿತ್ತು. ಹೇಳ್ಲಿಲ್ಲ ನೀನು. ಈ ಬಿಸಿಲಾಗ ಹರಿಹರಕ್ಕೆ ಹೋಗಿ ಬಂದಿ. ಇನ್ನೂ ಉಣ್ಣದಿದ್ರೆ ಹೆಂಗೆ?"

ನನಗೆ ಅಳಬೇಕೋ ಜಗಳ ಆಡಬೇಕೋ ತಿಳಿಯಲಿಲ್ಲ. ಹೇಳಿದ್ದರೆ ನಿಜಕ್ಕೂ ಸುಮ್ಮನಿರುತ್ತಿದ್ದರೇ? ನನಗೆ ಈಗಲೂ ಅನುಮಾನ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಮೂಲೆ ಮನೆಯಾಕೆ ಬಟ್ಟಲು ಹಿಡಿದು ಬಂದು, "ಅಜ್ಜಿ, ನಿಮ್ಮ ಹೆಪ್ಪು ಒಂಚೂರು ಕೊಡ್ರಿ" ಎಂದಳು. ನಾನು ಒಳಗೆ ಪಾತ್ರೆ ತಿಕ್ಕುತ್ತಿದ್ದೆ.

"ನಂದು ಹೋತವ್ವ" ಎಂದರು ಅತ್ತೆ. "ಈಗ ಇರೋದು ನಮ್ಮ ಸೊಸಿ ಹೆಪ್ಪು. ಆಕೀನ್ನೇ ಕೇಳು."

ಕೈ ಒರೆಸಿಕೊಂಡು ಗಡಿಗೆ ತೆಗೆದೆ. ಮೊದಲು ಒಂದು ಚಮಚ ನಮ್ಮ ಬಟ್ಟಲಿಗೆ ತೆಗೆದಿಟ್ಟು, ಆಮೇಲೆ ಆಕೆಗೆ ಕೊಟ್ಟೆ.