ಗಂಟೆ ಹೊಡೆದರೆ ಖಾಲಿಯಾಗುವ ಟೆಂಟು

ನನ್ನ ಗಂಡ ಅಗ್ನಿಶಾಮಕ ದಳದಲ್ಲಿದ್ದರು. ಇಬ್ಬರೂ ಬೀದರ್ ಕಡೆಯವರು. ಹೈದರಾಬಾದಿಗೆ ಬಂದು ನಾರಾಯಣಗೂಡದ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದ್ದೆವು. ಅವರ ಬಾಯಲ್ಲಿ ಎರಡೇ ಮಾತು: ಊಟಕ್ಕೆ ಏನೈತಿ, ಮತ್ತು ಹಳೆ ಪಿಂಚಣಿ. ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದು ಷೇರು ಮಾರುಕಟ್ಟೆಗೆ ಹಾಕುವ ಹೊಸ ಪಿಂಚಣಿ ಬೇಡ, ಹಳೆಯದೇ ಕೊಡಿ ಎಂದು ಸಂಘ ಕಟ್ಟಿ ಓಡಾಡಿದರು. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. "ಮೊದ್ಲ ಸಿಲಿಂಡರ್ ತರ್ರಿ, ಮುದುಕರಾದಮ್ಯಾಲ ಪಿಂಚಣಿ ನೋಡೂಣು," ಎನ್ನುತ್ತಿದ್ದೆ.

ಬೆಂಕಿ ಆರಿಸುವವರು ಮುಷ್ಕರ ಹೂಡುವಂತಿಲ್ಲ. ಅದಕ್ಕೆ ಇವರು ಕಂಡುಕೊಂಡ ದಾರಿ ಎಂದರೆ, ಸಂಘದವರೆಲ್ಲ ಒಂದೇ ದಿನ ರಜೆ ಹಾಕಿ ಠಾಣೆಯ ಗೇಟಿನ ಪಕ್ಕ ಟೆಂಟು ಹೊಡೆದು ಕೂರುವುದು. ಆದರೆ ಒಳಗೆ ಉಳಿದ ನಾಲ್ಕಾರು ಜನರಿಂದ ಬೆಂಕಿ ಆರುತ್ತದೆಯೇ? ಗಂಟೆ ಹೊಡೆದರೆ ಧರಣಿ ಕೂತವರೇ ಎದ್ದು ಓಡುತ್ತಿದ್ದರು. ಚಪ್ಪಲಿ ಟೆಂಟಿನಲ್ಲಿ ಬಿಟ್ಟು, ಬೂಟು ಏರಿಸಿ ಗಾಡಿ ಹತ್ತುವುದು. ಬಂದ ಮೇಲೆ ಮತ್ತೆ ಧರಣಿ. "ಇದ್ಯಾವ ಸೀಮಿ ಹರತಾಳರಿ ನಿಮ್ದು?" ಎಂದು ನಾನು ನಕ್ಕರೆ, "ಗಂಟಿ ಹೊಡದ್ರ ಕಾಲು ಮಾತ್ ಕೇಳ್ತಾವೇನ?" ಎನ್ನುತ್ತಿದ್ದರು.

ಆ ದಿನವೂ ಟೆಂಟಿಗೆ ರೊಟ್ಟಿ, ಪುಂಡಿ ಪಲ್ಯ ಕಳಿಸಿದ್ದೆ. ಡಬ್ಬಿ ಬಿಚ್ಚುವಷ್ಟರಲ್ಲಿ ಗಂಟೆ ಹೊಡೆಯಿತಂತೆ. ಬೇಗಂ ಬಜಾರಿನಲ್ಲಿ ಪ್ಲಾಸ್ಟಿಕ್ ಸಾಮಾನಿನ ಗೋದಾಮು. ಮಹಡಿ ಕುಸಿದು ಇವರು ಒಳಗೇ ಉಳಿದರು. ಡಬ್ಬಿಯನ್ನು ಯಾರೋ ಮನೆಗೆ ತಂದುಕೊಟ್ಟರು, ತೊಳೆದಿಟ್ಟೆ. ಬಂದವರೆಲ್ಲ ಅಳು, ಅತ್ತುಬಿಡು ಎಂದು ಬೆನ್ನು ಸವರಿದರು. ಅಳು ಬರಲಿಲ್ಲ. ಇವರೆಲ್ಲ ಯಾವಾಗ ಎದ್ದು ಹೋಗುತ್ತಾರೋ ಎನಿಸುತ್ತಿತ್ತು, ಅಷ್ಟೆ.

ಆಮೇಲೆ ಕಚೇರಿಯವರು ಹೇಳಿದರು: ಕೆಲಸದ ಮೇಲಿದ್ದಾಗ ಸತ್ತವರ ಮನೆಗೆ ಪೂರ್ತಿ ಪಿಂಚಣಿ, ನಿಮ್ಮವರು ಆ ದಿನ ರಜೆಯಲ್ಲಿದ್ದರು. ರಜೆಯಲ್ಲಿದ್ದವರಿಗೆ ಬೆಂಕಿಗೆ ಹೋಗಿ ಎಂದವರ್ಯಾರು ಎಂದು ನನ್ನನ್ನೇ ಕೇಳಿದರು. ನನಗೆ ಕಾಲೇಜಿಗೆ ಹೋಗುವ ಮಗಳಿದ್ದಳು. ಪಿಂಚಣಿ ಬಾರದಿದ್ದರೆ ಅವಳ ಓದು ಬಿಡಿಸಿ, ತವರಿಗೆ ಹೋಗಿ ಅಣ್ಣನ ಮನೆಯಲ್ಲಿ ಬಿದ್ದಿರಬೇಕಿತ್ತು.

ಸಂಘದ ಕಾರ್ಯದರ್ಶಿ ಮನೆಗೆ ಬಂದರು. ಗಂಡನ ಜೊತೆ ಅದೇ ಗಾಡಿಯಲ್ಲಿ ಹೋಗುತ್ತಿದ್ದವರು, ನಮ್ಮ ಕಡೆಯವರೇ.

"ವೈನಿ, ಒಂದ ದಾರಿ ಐತ್ರಿ. ಅಣ್ಣ ಮುಂಜಾನೇನ ಧರಣಿ ಬಿಟ್ಟು, ರಜಾ ವಾಪಸ್ ತಗೊಂಡು ಡ್ಯೂಟಿಗಿ ಹಾಜರಾಗಿದ್ದ ಅಂತ ಹೇಳಿಬಿಡ್ರಿ. ನಾವೂ ಹೂಂ ಅಂತೀವಿ."

"ಮತ್ತ ನೀವೆಲ್ಲಾ?"

"ನಾವು ಬಿಟ್ಟಿಲ್ಲರಿ. ಎಲ್ಲಾರೂ ಬಿಟ್ವಿ ಅಂದ್ರ ಹೋರಾಟಾನ ಮುಗೀತಲ್ಲ."

"ಅಂದ್ರ, ಟೆಂಟ್ ಕಟ್ಟಿದವ್ರ ಟೆಂಟ್ ಬಿಟ್ಟು ಓಡಿದ್ರು ಅನ್ನಬೇಕೇನ್ರಿ ನಾ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಒಳಗೆ ಹೋಗಿ ಚಹಾ ಇಟ್ಟೆ.

ವಿಚಾರಣೆಯ ದಿನ ಅಧಿಕಾರಿ ತೆಲುಗಿನಲ್ಲಿ ಕೇಳಿದರು, ನಿಮ್ಮ ಯಜಮಾನರು ಧರಣಿಯಲ್ಲಿದ್ದರೇ ಎಂದು. ಇರಲಿಲ್ಲ ಎಂದೆ. ಹಳೆ ಪಿಂಚಣಿಗಾಗಿ ಓಡಾಡುತ್ತಿದ್ದರೇ? ಇಲ್ಲ, ಅವರಿಗೆ ಅದೆಲ್ಲ ಬೇಕಿರಲಿಲ್ಲ ಎಂದೆ. ಅಂಗಡಿಯಲ್ಲಿ ಸಕ್ಕರೆ ಕೇಳುವ ದನಿಯಲ್ಲೇ ಅಂದೆ. ಪಿಂಚಣಿ ಮಂಜೂರಾಯಿತು. ಮಗಳು ಕಾಲೇಜು ಬಿಡಲಿಲ್ಲ.

ಮರುವರ್ಷ ಮತ್ತೆ ಟೆಂಟು ಬಿತ್ತು. ರೊಟ್ಟಿ ಕಟ್ಟಿಕೊಂಡು ನಾನೇ ಹೋದೆ. ಸಂಘದಲ್ಲಿದ್ದು ತೀರಿಹೋದವರ ಫೋಟೋಗಳನ್ನು ಹಾರ ಹಾಕಿ ಸಾಲಾಗಿ ಇಟ್ಟಿದ್ದರು. ಇವರದು ಇರಲಿಲ್ಲ.

"ಇಟ್ರ ಕಚೇರಿಯವ್ರು ನೋಡ್ತಾರ್ರಿ ವೈನಿ," ಎಂದರು ಕಾರ್ಯದರ್ಶಿ. "ನಿಮ್ಮ ಪಿಂಚಣಿಗಿ ಕಲ್ಲು ಬೀಳ್ತದ."

ಹೌದಲ್ಲ ಎಂದೆ. ರೊಟ್ಟಿ ಹಂಚುತ್ತಿದ್ದಾಗ ಗಂಟೆ ಹೊಡೆಯಿತು. ಎಲ್ಲರೂ ಎದ್ದು ಓಡಿದರು, ಗಾಡಿ ಹೋಯಿತು. ಟೆಂಟಿನಲ್ಲಿ ಚಪ್ಪಲಿಗಳು, ಫೋಟೋಗಳು, ನಾನು. ಮುಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಅವರು ಕೂರುತ್ತಿದ್ದ ಜಾಗದಲ್ಲಿ ಹೋಗಿ ಕುಳಿತೆ.

ಜೀಪಿನಲ್ಲಿ ಬಂದ ಅಧಿಕಾರಿಯೊಬ್ಬರು ಗೇಟಿನ ಬಳಿ ನಿಲ್ಲಿಸಿ, ಏನಮ್ಮಾ, ಧರಣಿ ಮುಗಿಯಿತೇ ಎಂದು ತೆಲುಗಿನಲ್ಲಿ ಕೇಳಿದರು. ತೆಲುಗು ನನಗೆ ಚೆನ್ನಾಗಿಯೇ ಬರುತ್ತದೆ. ಆದರೂ ಬಾಯಿಗೆ ಬಂದದ್ದು ಕನ್ನಡ.

"ಇಲ್ರಿ ಸಾಹೇಬ್ರ. ಅವರ ಜಾಗಾದಾಗ ನಾ ಕುಂತೀನಲ್ಲ."

ಅವರಿಗೆ ತಿಳಿಯಲಿಲ್ಲ. ಜೀಪು ಒಳಗೆ ಹೋಯಿತು.