ಮೆಟ್ಟಿಲು ಕಿತ್ತ ವೀಣೆ

ಅದು ವೀಣೆಯೇ ಆಗಿತ್ತು. ತಂಬೂರಿ ಎಂದು ಹೇಳಿದವನು ನಾನು. ತಿಳಿಯದೆ ಹೇಳಿದ್ದಲ್ಲ, ಕಣ್ಣಾರೆ ನೋಡಿ, ಬೆರಳಿನಿಂದ ಮುಟ್ಟಿ, ಮನಸ್ಸಿನಲ್ಲಿ ನಿಶ್ಚಯವಾದ ಮೇಲೆ ನಾಲಿಗೆಯಿಂದ ಬೇರೆ ಮಾತನ್ನಾಡಿದೆ. ಆ ಒಂದು ಮಾತನ್ನು ಇಷ್ಟು ವರ್ಷ ಯಾರೂ ಪ್ರಶ್ನಿಸಲಿಲ್ಲ. ಪ್ರಶ್ನಿಸುವುದಿಲ್ಲ ಎಂಬುದು ನನಗೆ ಆಗಲೇ ಗೊತ್ತಿತ್ತು — ಅದೇ ನನ್ನ ಪಾಪದ ಮೂಲ.

ನಾನು ತುಮಕೂರಿನಲ್ಲಿ ಸಂಗೀತ ಕಲಿತು, ಇಲ್ಲಿಯೇ ಕಲಿಸಿ, ಇಲ್ಲಿಯೇ ಮುಪ್ಪಾದವನು. ಹಾಡುಗಾರಿಕೆಯನ್ನು ನಮ್ಮ ಗುರುಗಳಿಂದ ಕಲಿತೆ. ವೀಣೆಯನ್ನು ಅವರ ಅಪ್ಪಣೆಯಂತೆ ಬೇರೊಬ್ಬರಲ್ಲಿ. ಗುರುಗಳು ಗುಬ್ಬಿಯವರು, ಗಾಯಕರು. ವಾದ್ಯವನ್ನು ಎಂದೂ ಮುಟ್ಟಿದವರಲ್ಲ. ಹಳೆಯ ವಾದ್ಯಗಳನ್ನು ನೋಡಿ ಇದು ಎಂಥದ್ದು, ಎಲ್ಲಿಯ ಕೆಲಸ, ಏನೇನು ಕಳೆದುಕೊಂಡಿದೆ ಎಂದು ಹೇಳಬಲ್ಲವನೆಂಬ ಹೆಸರು ನನಗೆ ಹೇಗೋ ಬಂದಿತ್ತು. ಅಟ್ಟದಿಂದ ಇಳಿಸಿದ, ಹುಳು ತಿಂದ ವೀಣೆ-ತಂಬೂರಿಗಳ ಕೊಡಗಳನ್ನೂ ದಂಡಿಗಳನ್ನೂ ಜನ ನಮ್ಮ ಉಪ್ಪಾರಹಳ್ಳಿಯ ಮನೆಗೆ ಹೊತ್ತು ತರುತ್ತಿದ್ದರು. ಪೂಜೆ ಮುಗಿಸಿ ಬಂದು ನಾನು ಹೇಳಿದ್ದೇ ಕೊನೆಯ ಮಾತಾಗುತ್ತಿತ್ತು.

ಹಾಗೆ ಒಂದು ಬೆಳಿಗ್ಗೆ ಸರ್ವಮಂಗಳಾ ಎಂಬ ಹೆಂಗಸು ಗುಬ್ಬಿಯಿಂದ ಬಂದರು. ಅಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ಜೊತೆಗೆ ಕೊಬ್ಬರಿ ವ್ಯಾಪಾರದ ಅಣ್ಣ, ನಂಜುಂಡಪ್ಪ. ಹಳೆಯ ಸೀರೆಯಲ್ಲಿ ಸುತ್ತಿದ್ದ ವಾದ್ಯವನ್ನು ಸರ್ವಮಂಗಳಾ ಮಗುವನ್ನು ಮಲಗಿಸುವಂತೆ ಚಾಪೆಯ ಮೇಲೆ ಇಳಿಸಿದರು.

"ಸಾರ್, ಒಂದ್ಸಲ ನೀವೇ ಹೇಳ್ಬುಡಿ," ಎಂದರು ಅಣ್ಣ. "ಇವ್ಳು ನನ್ ತಲೆ ತಿಂದಾಕ್ತಾವ್ಳೆ. ಇದು ವೀಣೆ ಆದ್ರೆ ನಮ್ಮನೆ ಒನಕೆ ಕೊಳಲು ಕಣೇ, ಬುಡು ಅತ್ಲಾಗೆ."

"ನೀನ್ ಸುಮ್ನಿರಣ್ಣ. ಕೊಬ್ಬರಿ ರೇಟ್ ಬುಟ್ರೆ ನಿಂಗೇನ್ ಗೊತ್ತು?" ಎಂದು ಅವರು ನನ್ನತ್ತ ತಿರುಗಿದರು. "ಇದು ನಮ್ಮಮ್ಮನ ತಾಯಿ ಗೌರಮ್ಮಂದು ಸಾರ್. ಗುಬ್ಬೀಲಿ ಹುಟ್ಟಿ ಬೆಳೆದೋರು. ವೀಣೆ ನುಡಿಸ್ತಿದ್ರಂತೆ. ಮದ್ವೆ ಆಗಿ ಕುಣಿಗಲ್ ಕಡೆಗೆ ಹೋದ್ಮೇಲೆ ಅವರ ಮಾವ, ಸೊಸೆ ಆದೋಳು ದೇವರ ಮುಂದೆ ಶ್ರುತಿ ಹಿಡಿದ್ರೆ ಸಾಕು, ರಾಗ ನುಡಿಸಿ ಯಾರಿಗ್ ತೋರಿಸ್ಬೇಕು ಅಂತ ಬಡಗಿನ ಕರೆಸಿ ಮೆಟ್ಲೆಲ್ಲ ಕೀಳ್ಸಿದ್ರಂತೆ. ಅಮ್ಮ ಹೇಳ್ತಾರೆ. ಮನೇಲಿ ಯಾರೂ ನಂಬಲ್ಲ. ಅಮ್ಮಂಗೆ ವಯಸ್ಸಾಯ್ತು, ಎದ್ದು ಬರೋಕಾಗಲ್ಲ. ನೀವು ಏನಂದ್ರಿ ಅಂತ ಕೇಳೋಕೆ ಕಾಯ್ತಾ ಕೂತವ್ರೆ."

ತಂಬೂರಿಗೂ ವೀಣೆಗೂ ಇರುವ ಅಂತರವನ್ನು ಎಲ್ಲರೂ ಬಲ್ಲರು. ತಂಬೂರಿ ಶ್ರುತಿಯನ್ನು ಹಿಡಿದಿರುತ್ತದೆ, ಅಷ್ಟೆ. ಹಾಡುವವರ ಹಿಂದೆ ಕುಳಿತು ಮೀಟುತ್ತಿದ್ದರೆ ಸಾಕು. ವೀಣೆಯ ದಂಡಿಯ ಮೇಲಾದರೋ ಮೇಣದಲ್ಲಿ ಕೂರಿಸಿದ ಲೋಹದ ಮೆಟ್ಟಿಲುಗಳಿರುತ್ತವೆ; ರಾಗ ಹುಟ್ಟುವುದು ಅಲ್ಲಿ. ಆ ತಾಯಿ ಕೇಳಿ ಕಳಿಸಿದ್ದು ಮರದ ವಿಷಯವನ್ನಲ್ಲ. ತನ್ನ ತಾಯಿ ರಾಗ ನುಡಿಸಿದವಳೋ, ಹಿಂದೆ ಕುಳಿತವಳೋ — ಅದನ್ನು.

ನಾನು ನೋಡಿದೆ. ದಂಡಿಯ ಮೇಲೆ ಮೆಟ್ಟಿಲು ಕೂರುವ ಎರಡೂ ಅಂಚುಗಳನ್ನು ಉಳಿಯಿಂದ ಒರಟಾಗಿ ಕೆತ್ತಿದ್ದರು. ಪಕ್ಕದಲ್ಲಿ ಮೂರು ರಂಧ್ರಗಳು, ಅರಗು ತುಂಬಿ ಮುಚ್ಚಿದ್ದು — ತಾಳದ ತಂತಿಗಳ ಬಿರಡೆಗಳಿದ್ದ ಜಾಗ. ತಂಬೂರಿಗೆ ತಾಳದ ತಂತಿ ಎಲ್ಲಿಯದು? ಕೆತ್ತಿದ ಅಂಚಿನ ಒಂದು ಸೀಳಿಗೆ ಉಗುರು ಹಾಕಿದಾಗ ಕಪ್ಪು ಮೇಣ ಎದ್ದು ಬಂತು. ಇನ್ನು ನೋಡುವುದೇನೂ ಇರಲಿಲ್ಲ.

"ಅಜ್ಜಿ ಹಾಡುಗಳೇನಾದರೂ ಉಳಿದಿವೆಯೇನಮ್ಮ?" ಎಂದು ಕೇಳಿದೆ. ಕೇಳದೇ ಇದ್ದಿದ್ದರೆ ಬಹುಶಃ ನಿಜವನ್ನೇ ಹೇಳಿಬಿಡುತ್ತಿದ್ದೆ.

ಅವರು ಸಂಕೋಚದಿಂದ, ತಾಯಿಯ ಬಾಯಿಂದ ಕಲಿತದ್ದೆಂದು, ಯಡಿಯೂರಿನ ಸ್ವಾಮಿಯ ಮೇಲಿನ ಒಂದು ಹಾಡನ್ನು ಹಾಡಿದರು. ಕಂಠ ಸಾಧಾರಣ. ಆದರೆ ಪಲ್ಲವಿಯ ಕೊನೆಯಲ್ಲಿ ಸ್ವರ ಜಾರಿ, ತಡೆದು, ಮತ್ತೆ ಮೇಲಕ್ಕೇರಿ ನಿಂತ ಆ ತಿರುವು ನನಗೆ ಗೊತ್ತಿತ್ತು. ಅದು ನಮ್ಮ ಗುರುಗಳ ತಿರುವು. ಸಹಾನ ರಾಗದಲ್ಲಿ ಅದನ್ನು ಹಾಡಿದರೆ ಸಾಕು, ಕೇಳಿದವರು ಇದು ಯಾರ ಮನೆಯ ಪಾಠವೆಂದು ಗುರುತಿಸುತ್ತಿದ್ದರು. ಗುರುಗಳ ಸ್ವಂತ ಸೃಷ್ಟಿ ಎಂದು ನಾವು ಶಿಷ್ಯರು ಕಂಡಕಂಡಲ್ಲಿ ಹೇಳಿಕೊಂಡು ಬಂದಿದ್ದೆವು. ಗುರುಗಳು ಮಾತ್ರ ಹಾಗೆಂದವರಲ್ಲ. ಎಲ್ಲಿಂದ ಬಂತೆಂದು ಒಮ್ಮೆ ಕೇಳಿದ್ದಕ್ಕೆ, "ಬಂತು ಕಣೋ. ಚಿಕ್ಕಂದಿನಲ್ಲಿ ಕಿವಿಗೆ ಬಿದ್ದದ್ದು," ಎಂದು ಕಣ್ಣು ಮುಚ್ಚಿಕೊಂಡಿದ್ದರು.

ಆ ತಿರುವು ಗಂಟಲಿನಲ್ಲಿ ಹುಟ್ಟಿದ್ದಲ್ಲ. ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಸಡಿಲಿಸಿದಾಗ ತಾನಾಗಿ ಬರುವಂಥದ್ದು. ವೀಣೆಯನ್ನು ಬಲ್ಲ ನನಗೆ ಈ ಗುಮಾನಿ ಮೊದಲಿನಿಂದಲೂ ಇತ್ತು, ಬಾಯಿ ಬಿಟ್ಟಿರಲಿಲ್ಲ. "ನಿಮ್ಮ ಅಜ್ಜಿ ಗುಬ್ಬಿಯಲ್ಲಿ ಯಾವ ಬೀದಿಯವರು?" ಎಂದೆ. ಹೇಳಿದರು. ಗುರುಗಳ ಮನೆಯಿದ್ದ ಬೀದಿಯೇ. ಗೌರಮ್ಮನವರು ವಯಸ್ಸಿನಲ್ಲಿ ಗುರುಗಳಿಗಿಂತ ಹಿರಿಯರು.

ಆಗ ಗುರುಗಳ ಶತಮಾನೋತ್ಸವಕ್ಕೆ ಸಿದ್ಧತೆ ನಡೆದಿತ್ತು. ಮುಖ್ಯ ಭಾಷಣ ನನ್ನದು. ವಿಷಯ, ಅದೇ ತಿರುವು. ಗೌರಮ್ಮ ವೀಣೆ ನುಡಿಸಿದವರಾದರೆ ಗುರುಗಳು ಅವರಿಂದ ಕೇಳಿ ಕಲಿತರು. ಅವರು ಬರೀ ಶ್ರುತಿ ಹಿಡಿದವರಾದರೆ, ಗುರುಗಳ ಹಾಡನ್ನು ಕೇಳಿ ಅವರು ಕಲಿತರು. ಎಲ್ಲವೂ ನನ್ನ ಒಂದು ಪದದ ಮೇಲೆ ನಿಂತಿತ್ತು. ಉಗುರಿನ ಸಂದಿಯ ಮೇಣವನ್ನು ಪಂಚೆಗೆ ಒರೆಸಿಕೊಂಡು ಹೇಳಿದೆ:

"ಇದು ತಂಬೂರಿ, ತಾಯಿ. ಹಳೆಯದು, ಒಳ್ಳೆಯದು. ಆದರೆ ತಂಬೂರಿ."

ನಂಜುಂಡಪ್ಪ ತೊಡೆ ತಟ್ಟಿ ನಕ್ಕರು. "ನಾನ್ ಹೇಳ್ಲಿಲ್ವೇನೇ! ಅಮ್ಮ ಕತೆ ಕಟ್ಟೋದ್ರಲ್ಲಿ ಗಟ್ಟಿಗಿತ್ತಿ ಅಂತ!"

ಸರ್ವಮಂಗಳಾ ನಗಲಿಲ್ಲ, ವಾದಿಸಲೂ ಇಲ್ಲ. "ಹೌದಾ ಸಾರ್," ಎಂದರು. ಕಾಲಿಗೆ ನಮಸ್ಕರಿಸಿದರು. ನಾನು ಆಶೀರ್ವದಿಸಿದೆ — ಆ ಕೈ ಇದೇ ಕೈ.

ಗುರುಭಕ್ತಿ ಎಂದು ನನಗೆ ನಾನೇ ಹೇಳಿಕೊಂಡೆ. ಗುರುಗಳು ತಮ್ಮದೆನ್ನದೆ ಬಿಟ್ಟದ್ದನ್ನು ಅವರ ಹೆಸರಿಗೆ ಕಟ್ಟುವುದು ಯಾವ ಭಕ್ತಿ? ನಿಜವೇನೆಂದರೆ, ಸಿದ್ಧವಾಗಿದ್ದ ನನ್ನ ಭಾಷಣ ಹಾಳಾಗುವುದು ನನಗೆ ಬೇಕಿರಲಿಲ್ಲ. ಹೆಸರು ಕಾಣದ ಒಬ್ಬ ಹೆಂಗಸಿನ ಮುಂದೆ ನಮ್ಮ ಗುರುಮನೆಯ ಪಾಠ ತಲೆಬಾಗುವುದು ಬೇಕಿರಲಿಲ್ಲ. ಗೌರಮ್ಮನವರ ಮಾವ ಬಡಗಿಯ ಕೈಯಲ್ಲಿ ಮಾಡಿಸಿದ್ದನ್ನು ನಾನು ಬಾಯಿಯಿಂದ ಮಾಡಿದೆ. ಎರಡನೆಯ ಸಲ ಮೆಟ್ಟಿಲು ಕಿತ್ತವನು ನಾನು.

ಅಷ್ಟಕ್ಕೇ ಮುಗಿಯಲಿಲ್ಲ. ತಂಬೂರಿ ಎಂದು ನಾನೇ ಹೇಳಿದ ಮೇಲೆ ಅಣ್ಣ ಅದನ್ನು ಒಂದು ಭಜನಾ ಮಂಡಳಿಗೆ ಕೊಟ್ಟುಬಿಟ್ಟರು. ಮಂಡಳಿಯವರು ರಿಪೇರಿ ಮಾಡಿಸಿದರು: ದಂಡಿಯನ್ನು ನುಣ್ಣಗೆ ಹೆರೆಸಿ, ರಂಧ್ರಗಳ ಮೇಲೆ ಹೊಸ ಮರ ಕೂರಿಸಿ, ಮೇಲೆ ವಾರ್ನಿಶ್. ಶತಮಾನೋತ್ಸವದ ದಿನ ಪ್ರಾರ್ಥನೆ ಹಾಡಲು ಬಂದ ಆ ಮಂಡಳಿಯವರ ಕೈಯಲ್ಲಿ ಅದನ್ನು ಕಂಡೆ. ಹೊಳೆಯುತ್ತಿತ್ತು. ಮೇಣದ ಗುರುತು ಎಲ್ಲಿಯೂ ಇರಲಿಲ್ಲ. ಇನ್ನು ಯಾರು ನೋಡಿದರೂ ಅದು ತಂಬೂರಿಯೇ. ಅದರ ಪಕ್ಕದಲ್ಲಿ ನಿಂತು ನಾನು ಆ ತಿರುವನ್ನು ಹಾಡಿ ತೋರಿಸಿದೆ. ನಮ್ಮ ಗುರುಗಳು ಈ ನಾಡಿಗಿತ್ತ ಕಾಣಿಕೆ ಎಂದೆ. ಚಪ್ಪಾಳೆ ಬಿತ್ತು.

ಸಭೆ ಮುಗಿದ ಮೇಲೆ ಸರ್ವಮಂಗಳಾ ಹತ್ತಿರ ಬಂದರು. ಅವರು ಬಂದದ್ದು ನನಗೆ ತಿಳಿದಿರಲಿಲ್ಲ.

"ಸಾರ್, ಅದು ನಮ್ಮಜ್ಜಿ ಹಾಡಲ್ಲಿ ಬರುತ್ತಲ್ಲ, ಅದೇ ಅಲ್ವಾ? ನಿಮ್ಮ ಗುರುಗಳು ಹಾಡೋದನ್ನ ಪಕ್ಕದಲ್ಲಿದ್ದು ಕೇಳಿ ಕಲ್ತಿರ್ಬೇಕು ಅಜ್ಜಿ. ಸುಮ್ನೆ ನಿಮ್ಮ ಮುಂದೆ ದೊಡ್ಡ ಮಾತಾಡ್ಬಿಟ್ಟೆ. ತಪ್ಪಾಯ್ತು."

ನಾನು ತಲೆಯಾಡಿಸಿದೆ. ಮೊದಲನೆಯದು ಸುಳ್ಳು. ಇದಕ್ಕೆ ಏನೆನ್ನಲಿ — ವಂಚನೆಗೊಳಗಾದವಳ ಬಾಯಿಂದಲೇ ಕ್ಷಮೆ ಕೇಳಿಸಿಕೊಂಡು, ಸ್ವೀಕರಿಸಿ, ಮನೆಗೆ ಬಂದು ಊಟ ಮಾಡಿದೆ.

ಆಮೇಲಿನ ವರ್ಷಗಳಲ್ಲಿ ನಾನು ಆ ತಿರುವನ್ನು ಕಲಿಸುವಾಗಲೆಲ್ಲ ಗುರುಗಳ ಹೆಸರನ್ನೇ ಹೇಳಿದೆ. ಈಚೆಗೆ, ದೇವರ ಮುಂದೆ ಕುಳಿತರೆ ಸಂಕಲ್ಪದ ಮಾತು ಬಾಯಿಗೆ ಬರುವುದಿಲ್ಲ. ನನ್ನ ಹೆಸರು, ಗೋತ್ರ ಹೇಳಿಕೊಳ್ಳುವಲ್ಲಿಗೆ ನಿಂತುಬಿಡುತ್ತೇನೆ. ಕಳೆದ ವಾರ ಶಿಷ್ಯರನ್ನು ಕೂರಿಸಿಕೊಂಡು ನಿಜ ಹೇಳಿದೆ. ಇನ್ನು ಮುಂದೆ ಇದನ್ನು ಗುಬ್ಬಿಯ ಗೌರಮ್ಮನವರ ಪಾಠವೆಂದು ಹೇಳಿ ಹಾಡಬೇಕೆಂದೆ. ಪುರಾವೆ ಏನೆಂದು ಒಬ್ಬಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಇದ್ದ ಪುರಾವೆಯನ್ನು ಹೆರೆದುಹಾಕುವಂತೆ ಮಾಡಿದವನು ನಾನೇ. ಉಳಿದಿರುವುದು ಒಮ್ಮೆ ಸುಳ್ಳಾಡಿದವನ ಮಾತು ಮಾತ್ರ. ಅದನ್ನೇ ಇಲ್ಲಿಯೂ ಇಡುತ್ತಿದ್ದೇನೆ.

ಆ ಸಂಜೆಯೇ ಸರ್ವಮಂಗಳಾ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬೈಯಲೆಂದು ಕಾದೆ.

"ಅವತ್ತು ಮನೆಗ್ ಹೋದ್ಮೇಲೆ ಅಮ್ಮಂಗೆ ಹೇಳ್ದೆ ಸಾರ್," ಎಂದರು. "'ಯಾಕಮ್ಮ ಸುಳ್ಳು ಹೇಳ್ದೆ' ಅಂದೆ. ಅವ್ರು ಗೋಡೆ ಕಡೆಗೆ ತಿರುಗಿ ಮಲಗಿದ್ರು. ಆಮೇಲೆ ಅಜ್ಜಿ ವಿಷ್ಯನೇ ಎತ್ಲಿಲ್ಲ. ಹೋದ್ ವರ್ಷ ಹೋಗ್ಬುಟ್ರು."

ನಾನೇನು ಮಾಡಬೇಕು ಹೇಳಿ ಎಂದೆ.

"ನಮ್ಮಣ್ಣನ ಮುಂದೆ ಬಂದು ಹೇಳ್ತೀರಾ?"

ಹೇಳುತ್ತೇನೆ ಎಂದೆ. ನಾಳೆ ಗುಬ್ಬಿಗೆ ಹೊರಡುತ್ತೇನೆ. ಅಣ್ಣನ ಮುಂದೆ ಹೇಳಬಹುದು. ಅವರು ನಗಲಿ, ಹೊರಗೆ ಹಾಕಲಿ, ನಿಂತು ಹೇಳಬಹುದು. ಗೋಡೆಯ ಕಡೆಗೆ ತಿರುಗಿ ಮಲಗಿದ ಆ ತಾಯಿಗೆ —