ಹೊರಗೆ ನಿಂತವನು

ಚರ್ಮ ಹದ ಮಾಡುವ ಆ ಕಾರ್ಖಾನೆಯಲ್ಲಿ ಮೇಷ್ಟ್ರಷ್ಟು ಮಾತಾಡುವವರು ಇನ್ನೊಬ್ಬರಿಲ್ಲ. ಬೆಳಗ್ಗೆ ತರಬೇತಿ ಕೋಣೆಯ ಬಾಗಿಲು ತೆರೆದರೆಂದರೆ ಸಂಜೆ ಬೀಗ ಹಾಕುವ ತನಕ ಬಾಯಿಗೆ ಬಿಡುವಿಲ್ಲ. ಯಾವ ಡ್ರಮ್ಮಿನ ಮೇಲೆ ಯಾವ ಚೀಟಿ ಇರಬೇಕು, ಆ್ಯಸಿಡ್ ಪಕ್ಕದಲ್ಲಿ ಏನೇನು ಇಡಬಾರದು, ನೆಲಕ್ಕೆ ಚೆಲ್ಲಿದ್ದನ್ನು ನೀರು ಹಾಕಿ ಚರಂಡಿಗೆ ತಳ್ಳಿದರೆ ಅದು ಹೋಗಿ ಯಾರ ಬಾವಿ ಸೇರುತ್ತದೆ, ಪರಿಸರ ಇಲಾಖೆಯವರು ತಪಾಸಣೆಗೆ ಬಂದಾಗ ಏನು ನೋಡುತ್ತಾರೆ, ಅವರು ನೋಡದೆ ಹೋದರೂ ನಾವು ಯಾಕೆ ಸರಿಯಾಗಿ ಮಾಡಬೇಕು, ಎಲ್ಲವನ್ನೂ ಹೊಸದಾಗಿ ಹೇಳುವವರ ಹಾಗೆ ಹೇಳುತ್ತಾರೆ. ಯಾರಾದರೂ ಆಕಳಿಸಿದರೆ ಸಿಟ್ಟು ಮಾಡಿಕೊಳ್ಳುವುದಿಲ್ಲ. ಕೈಗವಸನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೀಯಲ್ಲ ಮಾರಾಯ, ನಿನ್ನ ಜೇಬು ನೂರು ವರ್ಷ ಬಾಳುತ್ತದೆ, ಕೈಯ ಗತಿ ಏನು ಎಂದು ಕೇಳುತ್ತಾರೆ. ಆಕಳಿಸಿದವನೂ ನಗುತ್ತಾನೆ.

ಮನೆಗೆ ಬಂದರೆ ಆ ನಾಲಿಗೆಗೆ ಕೆಲಸವೇ ಇಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ಒಬ್ಬರಿಗೆ ಎಷ್ಟು ಅಕ್ಕಿ ಹಾಕಬೇಕೆಂಬುದು ಇಷ್ಟು ವರ್ಷವಾದರೂ ಅವರ ಕೈಗೆ ಹತ್ತಿಲ್ಲ. ದಿನಾ ಮಿಗುತ್ತದೆ, ದಿನಾ ಮಾರನೆಯ ಬೆಳಗ್ಗೆ ಅದನ್ನೇ ತಿನ್ನುತ್ತಾರೆ. ಟಿವಿ ಹಚ್ಚಿರುತ್ತಾರೆ, ನೋಡುವುದಿಲ್ಲ. ಮನೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಅನಿಸಿದರೆ ಸಾಕು. ರಜೆ ಬಂತೆಂದರೆ ಬಾಯಿ ತೆರೆಯುವುದು ಹಲ್ಲುಜ್ಜಲು ಮತ್ತು ಊಟಕ್ಕೆ ಮಾತ್ರ. ರಜೆಯ ಮಾರನೆಯ ದಿನ ಗೇಟಿನ ವಾಚ್‌ಮನ್ನಿಗೆ ನಮಸ್ಕಾರ ಹೇಳುವಾಗ ಗಂಟಲು ಕಟ್ಟಿಕೊಂಡಿರುತ್ತದೆ. ವಾಚ್‌ಮನ್ ಶೀತವಾಯಿತೇ ಎಂದು ಕೇಳುತ್ತಾನೆ. ಹೌದು ಅನ್ನುತ್ತಾರೆ. ಇನ್ನೇನು ಹೇಳಬೇಕು ಪಾಪ!

ಅವರು ಹುಟ್ಟಾ ಮೇಷ್ಟ್ರಲ್ಲ. ಮೊದಲು ಅದೇ ಕಾರ್ಖಾನೆಯ ಹಿಂಭಾಗದಲ್ಲಿ, ಕೊಳಚೆ ನೀರನ್ನು ಶುದ್ಧ ಮಾಡುವ ಘಟಕದಲ್ಲಿ ಕೆಲಸಗಾರ. ಅಪ್ಪ ಅಮ್ಮ ಬೇಗ ಹೋದರು. ಬೆನ್ನಿಗೆ ಒಬ್ಬಳೇ ತಂಗಿ, ವಯಸ್ಸಿನಲ್ಲಿ ತುಂಬಾ ಚಿಕ್ಕವಳು. ಪುಟ್ಟಿ ಎಂದೇ ಕರೆದರು, ಅವಳಿಗೆ ಜಡೆ ಹೆಣೆಯಲು ಕಲಿತರು, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದರು. ಅವಳದೊಂದು ಆಗಲಿ, ಆಮೇಲೆ ನನ್ನದು ಎಂದು ಮದುವೆಯ ಮಾತನ್ನು ಮುಂದೆ ಹಾಕುತ್ತಾ ಹಾಕುತ್ತಾ ತಮ್ಮ ಮದುವೆಯನ್ನು ಮರೆತೇಬಿಟ್ಟರು. ಕೊನೆಗೆ ತಂಗಿಗೆ ಗಂಡು ಹುಡುಕಿದ್ದೂ ಅವರೇ. ಎಲ್ಲೋ ಹೋಗಲಿಲ್ಲ, ತಮ್ಮ ಪಕ್ಕದಲ್ಲೇ ಕೆಲಸ ಮಾಡುವ ಗೆಳೆಯನನ್ನು ಮನೆಗೆ ಕರೆತಂದರು. ನಗಿಸುವವನು, ಕೆಲಸಗಾರ, ಒಂದಿಷ್ಟು ಹುಂಬ. ಮದುವೆಯಾದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಭಾವ ಭಾವ ಎಂದು ಕರೆಯುವುದನ್ನು ಕೇಳಿ ಕಾರ್ಖಾನೆಗೆ ಕಾರ್ಖಾನೆಯೇ ಒಬ್ಬರನ್ನು ದೊಡ್ಡ ಭಾವ, ಇನ್ನೊಬ್ಬರನ್ನು ಚಿಕ್ಕ ಭಾವ ಮಾಡಿತು. ಕಟ್ಟುನಿಟ್ಟಿನ ಮ್ಯಾನೇಜರು ಕೂಡ ಒಮ್ಮೆ ಬಾಯಿ ತಪ್ಪಿ, ದೊಡ್ಡ ಭಾವ ಎಲ್ಲಿ ಹೋದರು ಎಂದು ಕೇಳಿದ್ದರಂತೆ. ಆ ದಿನಗಳಲ್ಲಿ ಆ ಮನುಷ್ಯನಿಗೆ ಯಾವುದಕ್ಕೂ ಕಡಿಮೆಯಿರಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಕೆಸರಿನ ತೊಟ್ಟಿಯ ಪಂಪು ಕಟ್ಟಿಕೊಂಡಿತು. ಆ ತೊಟ್ಟಿ ನೆಲದಡಿ ಇದೆ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ದುಂಡನೆಯ ಬಾಯಿ, ಒಳಗೆ ಕಬ್ಬಿಣದ ಏಣಿ. ಒಬ್ಬ ಇಳಿದರೆ ಇನ್ನೊಬ್ಬ ಬಾಯಿಯ ಹತ್ತಿರ ಕಾವಲು ನಿಲ್ಲಬೇಕು, ಇಳಿದವನ ಸೊಂಟದ ಹಗ್ಗ ಹಿಡಿದಿರಬೇಕು. ಮೀಟರು ಇಳಿಬಿಟ್ಟು ನೋಡಿದರು, ಗಾಳಿ ಸರಿಯಿದೆ ಎಂದಿತು. ಚಿಕ್ಕ ಭಾವ ಇಳಿದ, ದೊಡ್ಡ ಭಾವ ಹೊರಗೆ ಕಾವಲು ನಿಂತರು. ಹಗ್ಗ ಪಂಪಿಗೆ ಸಿಕ್ಕಿಕೊಳ್ಳುತ್ತದೆ ಎಂದು ಬಿಚ್ಚಿ ಪಕ್ಕಕ್ಕೆ ಹಾಕಿದ. ಕಟ್ಟಿಕೊಳ್ಳೋ ಎಂದು ಇವರು ಮೇಲಿನಿಂದ ಗದರಿದರು. ಎರಡು ನಿಮಿಷದ ಕೆಲಸಕ್ಕೆ ಇದೊಂದು ಪೀಕಲಾಟ ಎಂದು ಅವನು ನಕ್ಕ. ಸನಿಕೆಯಿಂದ ಕೆಸರು ಕದಡಿದ. ಕೆಸರಿನ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಹುದುಗಿದ್ದ ಅನಿಲ ಎದ್ದಿತು. ಮೊದಲು ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ, ಆಮೇಲೆ ಮೂಗೇ ಸತ್ತುಹೋಗುತ್ತದೆ, ಆಮೇಲೆ ಮನುಷ್ಯ. ಕುಕ್ಕರಿಸಿದವನು ಹಾಗೇ ಪಕ್ಕಕ್ಕೆ ವಾಲಿದ.

ಇಂಥ ಹೊತ್ತಿನಲ್ಲಿ ಹೊರಗೆ ನಿಂತವನು ಇಳಿಯಬಾರದು. ಇದೊಂದೇ ನಿಯಮವನ್ನು ಅವರಿಗೆ ಬಾಯಿಪಾಠ ಮಾಡಿಸಿದ್ದರು. ಇಳಿದವನ ಹಿಂದೆ ಇಳಿದವರೇ ಇಂಥ ತೊಟ್ಟಿಗಳಲ್ಲಿ ಹೆಚ್ಚಾಗಿ ಸತ್ತಿದ್ದಾರೆ: ಗೆಳೆಯನನ್ನು ಎತ್ತಲು ಗೆಳೆಯ, ಮಗನನ್ನು ಎತ್ತಲು ಅಪ್ಪ. ಇವರು ಸೈರನ್ ಒತ್ತಿದರು, ವಾಕಿಟಾಕಿಯಲ್ಲಿ ಕೂಗಿದರು, ಇಳಿಯಲಿಲ್ಲ. ಗಾಳಿಯ ಸಿಲಿಂಡರು ಹೊತ್ತ ರಕ್ಷಣಾ ತಂಡ ಬಂದು ಎತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು. ವಿಚಾರಣೆಗೆ ಬಂದ ಅಧಿಕಾರಿಗಳು ಬೆನ್ನು ತಟ್ಟಿದರು. ನೀವು ಇಳಿಯದೆ ಇದ್ದದ್ದರಿಂದ ಒಂದು ಹೆಣಕ್ಕೆ ನಿಂತಿತು, ಇಲ್ಲದಿದ್ದರೆ ಎರಡು ಎಂದರು. ಆ ಮಾತು ಸರಿಯೇ. ಅದನ್ನು ತಂಗಿಗೆ ಹೇಗೆ ಹೇಳುವುದು?

ಹೇಳುವ ಪ್ರಸಂಗವೇ ಬರಲಿಲ್ಲ. ಆಸ್ಪತ್ರೆಯ ಹಿಂಬಾಗಿಲಲ್ಲಿ ಅವಳು ಅಣ್ಣನ ಬಟ್ಟೆ ನೋಡಿದಳು. ಕೆಸರಿನ ಒಂದು ಹನಿಯೂ ಇರಲಿಲ್ಲ.

"ನೀನು ನಿಂತು ನೋಡ್ದೆ" ಅಂದಳು.

ಅಷ್ಟೇ. ಆಮೇಲೆ ಅವಳು ಅಣ್ಣನೊಂದಿಗೆ ಮಾತು ಬಿಟ್ಟಳು. ಬೈದಿದ್ದರೆ, ಎದೆಗೆ ಗುದ್ದಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಅವಳ ಮನೆ ಬಾಗಿಲಿಗೆ ಹೋದಾಗಲೆಲ್ಲ ಪಕ್ಕದ ಮನೆಯಾಕೆ ಬಂದು, ಇಲ್ಲ ಅಂತ ಹೇಳು ಅಂದಿದ್ದಾಳೆ ಎಂದು ತಲೆ ತಗ್ಗಿಸಿಕೊಂಡು ಹೇಳುತ್ತಿದ್ದಳು. ಹಣ್ಣಿನ ಚೀಲ ಬಾಗಿಲಲ್ಲಿ ಇಟ್ಟು ಬಂದರೆ ಮಾರನೆಯ ದಿನವೂ ಅಲ್ಲೇ ಇರುತ್ತಿತ್ತು. ಕೊನೆಕೊನೆಗೆ ಹೋಗುವುದನ್ನೂ ಬಿಟ್ಟರು. ಗಂಡನ ಬದಲಿಗೆ ಕಾರ್ಖಾನೆ ಅವಳಿಗೆ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಕೊಟ್ಟಿತು. ಒಂದೇ ಗೇಟಿನಲ್ಲಿ ಇಬ್ಬರೂ ಒಳಗೆ ಹೋಗುತ್ತಾರೆ, ಒಂದೇ ಗೇಟಿನಲ್ಲಿ ಹೊರಗೆ ಬರುತ್ತಾರೆ. ಅಣ್ಣ ಈ ಕಡೆಯಿಂದ ಬಂದರೆ ತಂಗಿ ಆ ಕಡೆಯ ಗೋಡೆ ನೋಡುತ್ತಾಳೆ.

ಅಪಘಾತವಾದ ಮೇಲೆ ಕಾನೂನು ಬಿಗಿಯಾಯಿತು, ಎಲ್ಲರಿಗೂ ತರಬೇತಿ ಕಡ್ಡಾಯವಾಯಿತು, ತರಬೇತಿ ಕೊಡಲು ಒಬ್ಬರು ಬೇಕಾದರು. ನಿಯಮ ಪಾಲಿಸಿ ಬದುಕಿದವನಿಗಿಂತ ಬೇರೆ ಯಾರು ಎಂದರು ಮೇಲಿನವರು. ಹೀಗೆ ದೊಡ್ಡ ಭಾವ ಮೇಷ್ಟ್ರಾದರು. ಭಾವ ಎನ್ನುವ ಹೆಸರನ್ನು ಮತ್ತೆ ಯಾರೂ ಎತ್ತಲಿಲ್ಲ. ಅದು ಮರ್ಯಾದೆಯೋ ಮುಜುಗರವೋ, ಅಂತೂ ಹೆಸರೂ ಹೋಯಿತು. ಪಾಠದಲ್ಲಿ ತೊಟ್ಟಿಯ ಕತೆ ಬಂದಾಗ ಅವರು 'ಒಬ್ಬ ಕೆಲಸಗಾರ' ಎನ್ನುತ್ತಾರೆ, 'ಹೊರಗೆ ಒಬ್ಬ ನಿಂತಿದ್ದ' ಎನ್ನುತ್ತಾರೆ. ಪ್ರತಿ ಬ್ಯಾಚಿನಲ್ಲೂ ಯಾವನೋ ಒಬ್ಬ ಹೊಸಬ ಕೈಯೆತ್ತಿ, ಸಾರ್, ಆ ಹೊರಗೆ ನಿಂತವನು ಏನಾದ ಎಂದು ಕೇಳದೆ ಬಿಡುವುದಿಲ್ಲ. ಆರಾಮಾಗಿದ್ದಾನೆ ಎಂದು ಮೇಷ್ಟ್ರು ಹೇಳುತ್ತಾರೆ, ಮುಂದಿನ ಚಿತ್ರ ತೋರಿಸುತ್ತಾರೆ.

ಈ ವರ್ಷ ಪ್ಯಾಕಿಂಗಿಗೆ ಯಂತ್ರ ಬಂತು. ಅಲ್ಲಿದ್ದವರಲ್ಲಿ ಬೇಕಾದವರು ಕೊಳಚೆ ನೀರಿನ ಘಟಕಕ್ಕೆ ಹೋಗಬಹುದು, ಆದರೆ ಮೊದಲು ಮೇಷ್ಟ್ರ ತರಬೇತಿ ಪಾಸಾಗಬೇಕು ಎಂದು ಹೇಳಿದರು. ಹೆಚ್ಚಿನವರು ಕೆಲಸ ಬಿಟ್ಟು ಮನೆಗೆ ಹೋದರು. ತರಬೇತಿಯ ಮೊದಲ ದಿನ ಮೇಷ್ಟ್ರು ಹಾಜರಿ ಕೂಗಲು ತಲೆಯೆತ್ತಿದರೆ ಮೂರನೆಯ ಸಾಲಿನ ಕಿಟಕಿ ಬದಿಯಲ್ಲಿ ತಂಗಿ ಕುಳಿತಿದ್ದಾಳೆ. ಅವಳ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ! ಹೆಸರು ಕೂಗಿದರು. ಅವಳು "ಬಂದಿದ್ದೀನಿ ಸರ್" ಅಂದಳು. ಜಡೆ ಹೆಣೆದ ಅಣ್ಣ ಸರ್ ಆಗಿದ್ದ. ಆದರೂ ಒಳಗೊಳಗೇ ಒಂದು ಆಸೆ ಚಿಗುರಿತು. ಈ ಪಾಠವನ್ನು ಕೂತು ಕೇಳಿದರೆ, ಹೊರಗೆ ನಿಲ್ಲುವುದು ಎಂದರೇನು ಎಂದು ಒಮ್ಮೆ ನಿಂತು ನೋಡಿದರೆ, ಪುಟ್ಟಿಗೆ ಅರ್ಥವಾದೀತು. ಅರ್ಥವಾದರೆ ಒಂದು ಮಾತಾದರೂ ಆಡಿಯಾಳು.

ಅವಳು ಜಾಣೆ, ಚಿಕ್ಕಂದಿನಿಂದಲೂ. ಬರವಣಿಗೆಯ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲ. ಹೊರಗೆ ನಿಂತವನು ಯಾವ ಕಾರಣಕ್ಕೂ ಇಳಿಯಬಾರದು ಎಂದು ಅವಳೇ ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು. ಆ ಸಾಲನ್ನು ಮೇಷ್ಟ್ರು ಮತ್ತೆ ಮತ್ತೆ ಓದಿಕೊಂಡರು.

ಕೊನೆಯ ದಿನ ಅಣಕು ಕಾರ್ಯಾಚರಣೆ. ಅದಕ್ಕೆಂದೇ ಹಳೆಯ ತೊಟ್ಟಿಯೊಂದನ್ನು ತೊಳೆದು ಒಣಗಿಸಿ ಇಟ್ಟಿದ್ದಾರೆ. ಅನಿಲವೂ ಇಲ್ಲ, ಅಪಾಯವೂ ಇಲ್ಲ. ಒಳಗೆ ಬೀಳುವವನು ಗುಂಡಣ್ಣ, ಅಂದರೆ ಹೊಟ್ಟು ತುಂಬಿದ ಗೋಣಿಚೀಲದ ಮನುಷ್ಯ. ಅವನಿಗೆ ಕಾರ್ಖಾನೆಯ ನೀಲಿ ಸಮವಸ್ತ್ರ, ಕಾಲಿಗೆ ಬೂಟು. ಅಭ್ಯರ್ಥಿ ತೊಟ್ಟಿಯ ಬಾಯಿಯಲ್ಲಿ ಕಾವಲು ನಿಲ್ಲಬೇಕು. ಗುಂಡಣ್ಣ ಬಿದ್ದಾಗ ಸೈರನ್ ಒತ್ತಬೇಕು, ವಾಕಿಟಾಕಿಯಲ್ಲಿ ಕರೆಯಬೇಕು, ನಿಂತಲ್ಲೇ ನಿಲ್ಲಬೇಕು. ಇಳಿದವರು ಸತ್ತ ಲೆಕ್ಕ; ತಂಡ ಬಂದು ಎತ್ತುವವರೆಗೂ ಅವರು ಕೆಳಗೇ ಇರಬೇಕು, ತುಟಿ ಪಿಟಕ್ಕೆನ್ನಬಾರದು. ಗೋಣಿಚೀಲದ ಹಿಂದೆ ಯಾರು ಇಳಿಯುತ್ತಾರೆ ಎಂದು ಎಲ್ಲರೂ ನಗುತ್ತಾರೆ. ಆದರೂ ಪ್ರತಿ ಸಲ ಯಾರಾದರೂ ಒಬ್ಬರು ಇಳಿದೇ ಇಳಿಯುತ್ತಾರೆ.

ಆ ದಿನ ಮೊದಲು ನಿಂತವರೆಲ್ಲ ಪಾಸಾದರು. ತಂಗಿಯ ಸರದಿ ಕೊನೆಯದು. ಹಳದಿ ಟೋಪಿ ಹಾಕಿಕೊಂಡು ಬಾಯಿಯ ಹತ್ತಿರ ನಿಂತಳು. ಗುಂಡಣ್ಣನನ್ನು ಇಳಿಬಿಟ್ಟು ಹಗ್ಗ ಕಳಚಿದರು. ಅವನು ಧೊಪ್ಪೆಂದು ಬಿದ್ದು ಪಕ್ಕಕ್ಕೆ ವಾಲಿದ. ಅವಳು ಬಗ್ಗಿ ನೋಡಿದಳು. ಕೈ ಸೈರನ್ನಿನ ಗುಂಡಿಯವರೆಗೆ ಹೋಯಿತು. ಕೈ ಅಲ್ಲೇ ನಿಂತಿತು. ಆಮೇಲೆ ಅವಳು ಅವಸರವಿಲ್ಲದೆ ತಿರುಗಿ, ಏಣಿಗೆ ಕಾಲಿಟ್ಟು, ಒಂದೊಂದೇ ಮೆಟ್ಟಿಲು ಇಳಿದುಹೋದಳು.

ಯಾರೂ ನಗಲಿಲ್ಲ. ಅವಳು ಯಾರ ಹೆಂಡತಿ ಎಂಬುದು ಅಲ್ಲಿದ್ದ ಹಳಬರಿಗೆಲ್ಲ ಗೊತ್ತಿತ್ತು. ಮೇಷ್ಟ್ರು ಓಡಿಹೋಗಿ ಬಗ್ಗಿದರು. ಕೆಳಗೆ ಮಬ್ಬು ಬೆಳಕಿನಲ್ಲಿ ತಂಗಿ ನೆಲದ ಮೇಲೆ ಕುಳಿತು, ಗೋಣಿಚೀಲದ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಿದ್ದಳು. ಸಮವಸ್ತ್ರದ ಕಾಲರು ಸರಿಮಾಡುತ್ತಿದ್ದಳು. ಅವರಿಗೆ ಏಣಿ ಇಳಿದು ಅವಳ ಬಳಿಗೆ ಓಡಿಬಿಡೋಣ ಅನಿಸಿತು. ಒಣ ತೊಟ್ಟಿ, ಇಳಿದರೆ ಕೂದಲೂ ಕೊಂಕುವುದಿಲ್ಲ. ಆದರೆ ಸುತ್ತ ಕಲಿಯಲು ಬಂದವರು ನಿಂತಿದ್ದಾರೆ. ನಾಳೆ ನಿಜವಾದ ತೊಟ್ಟಿಯ ಮುಂದೆ ಇವರಿಗೆ ಇವತ್ತು ಕಂಡದ್ದೇ ನೆನಪಾಗುವುದು. ಮೇಷ್ಟ್ರು ತಾವೇ ಸೈರನ್ ಒತ್ತಿ ತಂಡವನ್ನು ಕರೆದರು, ತೊಟ್ಟಿಯ ಬಾಯಿಯ ಸುತ್ತಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮತ್ತೊಮ್ಮೆ ಹೊರಗೇ ನಿಂತರು.

ಸೈರನ್ ಒತ್ತಿದ ಮೇಲೆ ಹೊರಗಿನವನಿಗೆ ಉಳಿಯುವ ಕೆಲಸ ಒಂದೇ. ಬಿದ್ದವರ ಜೊತೆ ಮಾತಾಡುತ್ತಲೇ ಇರಬೇಕು, ಉತ್ತರ ಬರದಿದ್ದರೂ ನಿಲ್ಲಿಸಬಾರದು. ಮೇಷ್ಟ್ರು ಶುರುಮಾಡಿದರು. ತಂಡ ಹೊರಟಿದೆ, ಹೆದರಬೇಡ ಎಂದರು. ಮುಖವಾಡ ಕಟ್ಟಿಕೊಳ್ಳುತ್ತಿದ್ದಾರೆ, ಇನ್ನೇನು ಬಂದರು ಎಂದರು. ಪಾಠದ ಮಾತುಗಳು ಬೇಗ ಮುಗಿದವು. ತಂಡದವರು ಸಿಲಿಂಡರು ಹೊತ್ತು, ಗಾಳಿ ನೋಡಿಕೊಂಡು, ಕ್ರಮ ಪ್ರಕಾರವೇ ಬರಬೇಕಾದ್ದರಿಂದ ತಡವಾಗುತ್ತಿತ್ತು. ಅವರು ನಿಲ್ಲಿಸಲಿಲ್ಲ. ಪುಟ್ಟಿ, ನಾನಿಲ್ಲೇ ಇದ್ದೀನಿ ಎಂದರು. ಎಲ್ಲೂ ಹೋಗಿಲ್ಲ ಎಂದರು. ಅಕ್ಕಿ ಈಗಲೂ ಇಬ್ಬರಿಗಾಗುವಷ್ಟು ಬೇಯಿಸುತ್ತೇನೆ, ಅಳತೆ ಬರುವುದೇ ಇಲ್ಲ ನೋಡು ಎಂದರು. ಕಿವಿ ಹತ್ತಿರ ಕೂದಲು ಬೆಳ್ಳಗಾಗಿದೆಯಲ್ಲೇ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ ಎಂದು ಕೇಳಿದರು. ಅಷ್ಟು ವರ್ಷ ಬಾಗಿಲ ಹೊರಗೆ ಹಣ್ಣಿನ ಚೀಲ ಹಿಡಿದು ನುಂಗಿಕೊಂಡಿದ್ದ ಮಾತೆಲ್ಲ ಕಲಿಯಲು ಬಂದವರ ಮುಂದೆಯೇ ಹೊರಬಿತ್ತು. ನಾಚಿಕೆ ಅನಿಸಲಿಲ್ಲ. ಅವಳು ಸತ್ತ ಲೆಕ್ಕದವಳು, ಉತ್ತರ ಕೊಡುವ ಹಾಗಿರಲಿಲ್ಲ. ಆದರೆ ತಲೆಯೆತ್ತಿ ಮೇಲೆ ನೋಡುತ್ತಿದ್ದಳು. ಅವಳ ಅಣ್ಣನ ಮುಖ, ಕಂಬಿ ಹಿಡಿದ ಕೈ, ಎಲ್ಲವೂ ಆ ದುಂಡನೆಯ ಬೆಳಕಿನಲ್ಲಿ ಅವಳಿಗೆ ಕಾಣುತ್ತಿತ್ತು.

ತಂಡ ಬಂತು, ಅವಳಿಗೆ ಪಟ್ಟಿ ಬಿಗಿದು ಮೇಲೆತ್ತಿತು. ತಂಡದ ಮುಖ್ಯಸ್ಥ ಮುಖವಾಡ ಕಳಚಿ, ಇವರದ್ದು ಏನು ಮಾಡೋಣ ಎಂದು ಮೇಷ್ಟ್ರ ಕಿವಿಯಲ್ಲಿ ಕೇಳಿದ. ನಾಪಾಸು ಎಂದರು ಮೇಷ್ಟ್ರು. ಮುಂದಿನ ಬ್ಯಾಚಿನಲ್ಲಿ ಇನ್ನೊಮ್ಮೆ ಬರಬೇಕು ಎಂದರು. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಮಿಕ್ಕವರು ಟೀ ಕುಡಿಯುವ ನೆಪದಲ್ಲಿ ಒಬ್ಬೊಬ್ಬರಾಗಿ ಅಲ್ಲಿಂದ ಹೊರಟರು. ಅಣ್ಣ ತಂಗಿ ತೊಟ್ಟಿಯ ಕಟ್ಟೆಯ ಬಳಿ ಉಳಿದರು.

"ಅವತ್ತೂ ಹೀಗೇ ಮಾತಾಡ್ತಾ ಇದ್ಯಾ?" ಎಂದು ಅವಳು ಕೇಳಿದಳು.

"ಹೂಂ."

"ಏನಂತ?"

"ನಿನ್ನ ವಿಷಯಾನೇ. ಕಣ್ಣು ಮುಚ್ಬೇಡ ಭಾವ, ಪುಟ್ಟಿ ಕಾಯ್ತಾ ಇರ್ತಾಳೆ ಅಂತ. ಬಾಯಿಗೆ ಬಂದಿದ್ದೆಲ್ಲ ಹೇಳ್ದೆ. ಅವನಿಗೆ ಕೇಳಿಸ್ತೋ ಇಲ್ವೋ, ಇವತ್ತಿಗೂ ನಂಗೆ ಗೊತ್ತಿಲ್ಲ."

ಅವಳು ಬಗ್ಗಿ ತೊಟ್ಟಿಯೊಳಗೆ ನೋಡಿದಳು.

"ಕೇಳಿಸುತ್ತೆ ಅಣ್ಣ" ಅಂದಳು. "ಕೆಳಗೆ ಚೆನ್ನಾಗಿ ಕೇಳಿಸುತ್ತೆ."

ಅಷ್ಟು ಹೇಳಿ ಟೋಪಿ ಕಳಚಿ ಅವರ ಕೈಗೆ ಕೊಟ್ಟು ಬಸ್ಸಿಗೆ ಹೊರಟಳು. ಮೇಷ್ಟ್ರು ಕಟ್ಟೆಯ ಮೇಲೆ ಕುಸಿದು ಕುಳಿತು, ಯಾರು ನೋಡುತ್ತಾರೆ ಎಂಬುದನ್ನೂ ಲೆಕ್ಕಿಸದೆ, ಭಾವ ಸತ್ತ ದಿನ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತರು.